ದಪ್ಪಗಾಲು

ಅಯ್ಯೋ, ಅಲ್ಲಲ್ಲ, ಅಲ್ಲಿ ಕೂರಬೇಡ! ಆ ಕಾಗದದ ರಾಶಿ ಒಂದು ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ ಕೂತ್ಕೋ. ಇಗೋ, ಈ ಸ್ಟೂಲು ತಗೋ. ಒರೆಸಿದ್ದೀನಿ, ಮಸಿ ಹತ್ತಲ್ಲ... ಹತ್ತಿದ್ರೂ ಏನಂತೆ? ಅಚ್ಚುಕೂಟದವನ ಮಗಳು ಮಸಿಗೆ ಹೆದರಿದ್ರೆ ಆಗುತ್ತಾ? ಯಾಕೆ ನಗ್ತೀಯ? ಓ, ನನ್ನ ಮೂಗಾ? ಬೆಳಿಗ್ಗೆಯಿಂದ ಹೀಗೇ ಕಪ್ಪಗಿದೆಯಾ? ಥೂ! ಪಕ್ಕದಂಗಡಿಗೆ ಹೋಗಿ ಸಕ್ಕರೆ ಬೇರೆ ತಂದೆ. ಅಂಗಡಿಯವಳೂ ಹೇಳಲಿಲ್ಲ ನೋಡು, ಒಳಗೊಳಗೇ ನಕ್ಕಿರ್ತಾಳೆ.

ಆ ರಾಶಿ ಕೆಳಗಿನ ಹಲಗೆ ಸರಿಯಿಲ್ಲ ಮಗು, ಅದಕ್ಕೆ ಹೇಳಿದೆ. ಮೆತ್ತಗಾಗಿದೆ. ಹಳೇ ಕಟ್ಟಡ... ನೆಲ ಒಂದು ಕಡೆ ಅಂದ್ರೆ ಗೋಡೆ ಒಂದು ಕಡೆ. ನಾನೂ ಹಂಗೇ ಆಗಿದ್ದೀನಿ, ಬಿಡು.

ಇನ್ನೊಂದು ಸಲ ಈ ಕಡೆ ತಿರುಗು, ನೋಡೋಣ. ಅಬ್ಬಾ! ಬಾಗಿಲು ತಳ್ಳಿಕೊಂಡು ಬಂದು 'ಚಿಕ್ಕಪ್ಪ' ಅಂದಾಗ ನನಗೆ ಗುರುತೇ ಸಿಗಲಿಲ್ಲ. ಆಮೇಲೆ ನೋಡ್ತೀನಿ, ಎಡಗೈಯಲ್ಲಿ ತಳ್ಳಿದ್ದೀಯ. ಭುಜ ಕೊಟ್ಟು, ತಲೆ ಒಂಚೂರು ಬಗ್ಗಿಸಿ... ಎದೆ ಧಸಕ್ ಅಂತು ಕಣೇ. ನಮ್ಮಣ್ಣನೇ ಬಂದ ಅಂದ್ಕೊಂಡೆ. ನಿಮ್ಮಪ್ಪನ್ನ ಊರೆಲ್ಲ ಎಡಚ ಅಂತಲೇ ಕರೀತಿತ್ತು, ಹೆಸರು ಹೇಳಿ ಕೇಳಿದ್ರೆ 'ಯಾರವನು?' ಅನ್ನೋರು. ನಿನ್ನನ್ನ ಎಡಚಿ ಅಂದ್ರೆ ಬೇಜಾರಿಲ್ವಲ್ಲ? ಚಿಕ್ಕವಳಿದ್ದಾಗ ಹಾಗೆ ಕರೆದ್ರೆ ಕಚ್ಚೋಕೆ ಬರ್ತಿದ್ದೆ.

ಅತ್ತಿಗೆ ಹೋದ ಸುದ್ದಿ ತಡವಾಗಿ ತಿಳೀತು. ಬರಬೇಕಿತ್ತು ನಾನು... ಬರಲಿಲ್ಲ. ಅಂಗಡಿ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವನಲ್ಲ. ಎಷ್ಟೋ ವರ್ಷದಿಂದ ಹಾಗೇ ಅಭ್ಯಾಸ ಆಗಿಬಿಟ್ಟಿದೆ. ಬಿಟ್ಟು ಹೋಗೋಕಾಗ್ತಿರಲಿಲ್ಲ, ಅದಕ್ಕೆ. ಯಾಕೆ ಅಂದ್ರೆ... ಕಳ್ಳರ ಕಾಟ. ಹೂಂ, ಸೀಸ ಕದೀತಾರೆ, ಹಿತ್ತಾಳೆ ಕದೀತಾರೆ. ಈ ಕಾಲದಲ್ಲಿ ಯಾರನ್ನ ನಂಬೋದು ಹೇಳು?

ಚಿಲಕ ಯಾಕೆ ಹಾಕಿದೆ ಅಂತೀಯಾ? ಗಾಳಿ ಮಗು. ಬಾಗಿಲು ಬಡ್ಕೊಳ್ಳುತ್ತೆ, ಧೂಳು ಬರುತ್ತೆ. ಮಧ್ಯಾಹ್ನ ಆ ಕಂಪ್ಯೂಟರ್ ಅಕ್ಷರ ಮಾಡೋ ಕಂಪನಿಯವನು ಫೋಟೋ ಹಿಡಿಯೋಕೆ ಬರ್ತಾನಲ್ಲ, ಅಕ್ಷರದ ಮೇಲೆ ಒಂದು ಕಣ ಧೂಳು ಇರಬಾರದಂತೆ. ಒಂದೊಂದನ್ನೂ ಕಂಪ್ಯೂಟರಿಗೆ ಹಾಕ್ತಾನಂತೆ. ಆಮೇಲೆ ಲೋಕದಲ್ಲಿ ಯಾರು ಬೇಕಾದ್ರೂ ಗುಂಡಿ ಒತ್ತಿದ್ರೆ ಸಾಕು, ನಮ್ಮ ದಪ್ಪಗಾಲು ಅಕ್ಷರ ಬರುತ್ತೆ! ಜಾಮ್ ಬಾಟ್ಲಿ ಮೇಲೆ, ಪುಸ್ತಕದ ಮೇಲೆ, ಸೋಪಿನ ಮೇಲೆ... ಕೆಳಗೆ ನನ್ನ ಹೆಸರು. 'ಕೆತ್ತಿದವರು' ಅಂತ ಹಾಕ್ತಾರೆ. ಏನದು ಮುಖ? ಇಬ್ಬರ ಹೆಸರೂ ಹಾಕಿಸ್ತೀನಿ ಬೇಕಾದ್ರೆ. ನಾನೇನು ಬೇಡ ಅಂದ್ನಾ?

ದಪ್ಪಗಾಲು ಅನ್ನೋ ಹೆಸರು ಯಾರು ಇಟ್ಟಿದ್ದು ಗೊತ್ತಾ? ನಾವಲ್ಲ. ಪೋಸ್ಟರ್ ಅಂಟಿಸೋನು ಒಬ್ಬ ಇದ್ದ, ಅವನು. ನೋಡು, ಇಲ್ಲಿ ಬಾ. ಮೇಲಿನ ಖಾನೆ ಎಳೀತೀನಿ... ಭಾರ ಇದೆ... ಹಾಂ. ಹಿಡ್ಕೋ. ಅಂಗೈಯಷ್ಟು ಎತ್ತರ, ಗಟ್ಟಿ ಮರ. ಅಕ್ಷರ ಹಿಂದುಮುಂದಾಗಿದೆ ಅಲ್ವಾ, ಅಚ್ಚಾದಾಗ ಸರಿ ಹೋಗುತ್ತೆ. ಕನ್ನಡೀಲಿ ನೋಡಿದ ಹಾಗೆ ಕೆತ್ತಬೇಕು. ಈ ಕಂಬ ದಪ್ಪಗಿದೆ ನೋಡು, ಕೆಳಗೆ ಬಂದು ಎರಡೂ ಕಡೆ ಅಗಲವಾಗಿ ಚಾಚಿಕೊಂಡಿದೆ. ಇದನ್ನ ಪಾದ ಅಂತೀವಿ. ಬೇರೆಯವರ ಅಕ್ಷರಕ್ಕೂ ಪಾದ ಇರುತ್ತೆ, ಅವೆಲ್ಲ ಬೂಟು ಹಾಕ್ಕೊಂಡ ಪಾದ. ನಮ್ಮದು ಬರಿಗಾಲು. ಹೊಲದಲ್ಲಿ ದುಡಿದು ಬಂದು ಹೊಸ್ತಿಲಲ್ಲಿ ನಿಂತವನ ಕಾಲು. ಗೋಡೆ ಮೇಲೆ ನಿಲ್ಲಿಸಿದ್ರೆ ಬೀದಿ ತುದಿಯಿಂದಲೂ ಕಾಣ್ತಿತ್ತು.

ಒಂದ್ಸಲ ಏನಾಯ್ತು ಗೊತ್ತಾ, ಹಲ್ಲಿನ ಡಾಕ್ಟರೊಬ್ಬ ಇದೇ ಅಕ್ಷರ ಬೇಕು ಅಂತ ಹಟ ಹಿಡಿದು ಬೋರ್ಡು ಮಾಡಿಸಿಕೊಂಡ. ಬೇಡಪ್ಪ, ನಿನ್ನ ಕೆಲಸಕ್ಕೆ ಹೊಂದಲ್ಲ ಅಂದ್ವಿ. ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವನು ಬಾಗಿಲು ತೆಗೆದ್ರೆ ಇಬ್ಬರು ಕುದುರೆ ಹಿಡ್ಕೊಂಡು ನಿಂತಿದ್ದಾರೆ, ಲಾಳ ಹೊಡಿ ಅಂತ! ಕಮ್ಮಾರನ ಅಂಗಡಿ ಅಂದ್ಕೊಂಡಿದ್ರು. ನಿಮ್ಮಪ್ಪ ನಕ್ಕಿದ್ದು ನಕ್ಕಿದ್ದೇ. ಆ ನಗು ನಿನಗೆ ನೆನಪಿದ್ಯಾ? ಇಲ್ವಾ... ಹೌದು, ಎಲ್ಲಿ ನೆನಪಿರುತ್ತೆ.

ಗೊತ್ತು ಮಗು. ಅಕ್ಷರ ನೋಡೋಕೆ ಅಂತ ನೀನು ಇಷ್ಟು ದೂರ ಬಂದಿಲ್ಲ. ಅಪ್ಪ ನಮ್ಮನ್ನ ಯಾಕೆ ಬಿಟ್ಟು ಹೋದ ಅಂತ ಕೇಳೋಕೆ ಬಂದಿದ್ದೀಯ. ಕೇಳು, ಕೇಳು. ನಿನ್ನ ಹಕ್ಕು ಅದು. ನಾನು ಅತ್ತಿಗೆಗೆ ಏನು ಹೇಳಿದ್ನೋ ನಿನಗೂ ಅದನ್ನೇ ಹೇಳಬೇಕು, ಬೇರೆ ಏನು ಹೇಳಲಿ? ದೂರದ ಪಟ್ಟಣದ ಫೌಂಡ್ರಿಯವರು ಅವನನ್ನ ಕರೆದಿದ್ರು. 'ನೀನು ಬಾ, ನಿನ್ನ ಅಕ್ಷರಾನ ಸೀಸದಲ್ಲಿ ಎರಕ ಹೊಯ್ತೀವಿ, ದೇಶಕ್ಕೆಲ್ಲ ಮಾರ್ತೀವಿ' ಅಂತ. ಅವನ ತಲೆ ತಿರುಗಿತು. ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗ್ತೀನಿ ಅಂತಿದ್ದ ಮೊದಮೊದಲು. ಆಮೇಲೆ ಅದೇನಾಯ್ತೋ... ಒಂದು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿದ. ನೀನು ಹಿತ್ತಲಲ್ಲಿ ಉಯ್ಯಾಲೆ ಆಡ್ತಿದ್ದೆ. ಉಯ್ಯಾಲೆ ನಿಲ್ಲಿಸಿ ನಿನ್ನ ಹಣೆಗೆ ಮುತ್ತು ಕೊಟ್ಟ, ಹೊರಟ. ನಾನು ಇಲ್ಲೇ ಈ ಕಿಟಕೀಲಿ ನಿಂತು ನೋಡ್ದೆ. ಅಷ್ಟೇ. ತಿರುಗಿ ಕೂಡ ನೋಡಲಿಲ್ಲ.

ಯಾಕೆ ತಲೆ ಆಡಿಸ್ತೀಯ? ಮುತ್ತು ಕೊಟ್ಟಿದ್ದು ನೆನಪಿಲ್ವಾ? ಚಿಕ್ಕವಳು ನೀನು. ಉಯ್ಯಾಲೆ ನೆನಪಿದೆಯಲ್ಲ? ಹಾಂ! ಅದು ಯಾರಿಗೆ ಮರೆಯುತ್ತೆ. ಆ ಮರಕ್ಕೆ ನಮ್ಮಪ್ಪ, ನಿಮ್ಮ ತಾತ, ಕೊಂಬೆಗೆ ಕಬ್ಬಿಣದ ಕೊಕ್ಕೆ ಹೊಡೆದಿದ್ದ. ನಾವು ಆಡಿದ್ವಿ, ಆಮೇಲೆ ನೀನು. ಕೊಕ್ಕೆಯನ್ನ ಮರ ಅರ್ಧ ನುಂಗಿಬಿಟ್ಟಿತ್ತು. ನಿಮ್ಮಪ್ಪ ಹೋಗಿ ಸ್ವಲ್ಪ ದಿನಕ್ಕೇ ಆ ದೊಡ್ಡ ಬಿರುಗಾಳಿ ಬಂತಲ್ಲ, ಬುಡಸಮೇತ ಕಿತ್ಕೊಂಡು ಬಿತ್ತು. ನೀನು ಅತ್ತಿದ್ದು... ಅಬ್ಬಬ್ಬಾ! ಅಪ್ಪ ಹೋದದ್ದಕ್ಕಿಂತ ಉಯ್ಯಾಲೆ ಹೋದದ್ದಕ್ಕೆ ಜಾಸ್ತಿ ಅತ್ತೆ ಅಂತ ನಾವು ಆಡ್ಕೊಂಡು ನಗ್ತಿದ್ವಿ. ಇಲ್ಲ, ಅತ್ತಿಗೆ ನಗ್ತಿರಲಿಲ್ಲ. ನಾನು ನಗ್ತಿದ್ದೆ.

ಮರ ಹಾಳಾಗೋಕೆ ಬಿಡಲಿಲ್ಲ ನಾನು. ಹಲಗೆ ಕೊಯ್ಸಿ, ಅಟ್ಟದಲ್ಲಿ ನೆರಳಿಗೆ ಜೋಡಿಸಿಟ್ಟೆ. ವರ್ಷಗಟ್ಟಲೆ ಒಣಗಬೇಕು ಮಗು. ಹಸಿ ಮರದಲ್ಲಿ ಅಕ್ಷರ ಕೆತ್ತಿದ್ರೆ ಆರು ತಿಂಗಳಲ್ಲಿ ಸೊಟ್ಟ ಆಗಿ, ಸೀಳಿ, ಅಚ್ಚಿನ ಯಂತ್ರದೊಳಗೆ ಕೂರಲ್ಲ. ಅವಸರ ಅನ್ನೋದೇ ಇಲ್ಲ ಈ ಕೆಲಸದಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ನಮ್ಮದೂ ಅದೇ ಕಥೆ. ಒಣಗಿದ ಮೇಲೆ ಆ ಮರದಲ್ಲೇ ಮಿಕ್ಕಿದ ಅಕ್ಷರ ಎಲ್ಲ ಮಾಡಿದ್ದು. ಕೆಳಗಿನ ಖಾನೇಲಿರೋದು ಪೂರ್ತಿ ಉಯ್ಯಾಲೆ ಮರ. ಕೊಕ್ಕೆ ಹತ್ತಿರದ ಹಲಗೇಲಿ ಮಾಡಿದ ಅಕ್ಷರಗಳಲ್ಲಿ ನೀಲಿಗಪ್ಪು ಕಲೆ ಇದೆ. ಕಬ್ಬಿಣ ಮರದೊಳಗೆ ಕೂತ್ರೆ ಹಾಗೇ, ರಸ ಇಳಿದು ಆಳಕ್ಕೆ ಹೋಗಿಬಿಡುತ್ತೆ.

ಯಾರು ಮಾಡಿದ್ದು ಅಂದ್ರೆ? ನಾನೇ! ಮತ್ತಿನ್ಯಾರು? ಮೇಲಿನ ಖಾನೇವು ನಿಮ್ಮಪ್ಪನವು, ಈ ಕಿಟಕಿ ಪಕ್ಕ ಕೂತು ಮಾಡಿದ್ದು. ನುಣ್ಣಗಿವೆ, ಗೆರೆ ನೇರ. ಕೆಳಗಿನ ಖಾನೇವು ನನ್ನವು. ಅವು ಒರಟು. ಅಂಚು ಒಂಚೂರು ಅಲುಗಿದ ಹಾಗೆ, ಪಾದ ಇನ್ನೂ ದಪ್ಪ, ಉಳಿ ಏಟು ಅಲ್ಲಲ್ಲೇ ಕಾಣುತ್ತೆ. ಕಂಪನಿಯವನು ಹೋದ ವಾರ ಬಂದು ನೋಡಿ ಹುಚ್ಚಾಗಿಬಿಟ್ಟ ಕಣೇ! ಮೇಲಿನದನ್ನ ಮುಟ್ಟಲೂ ಇಲ್ಲ. 'ಇದು, ಇದು ಬೇಕು ನನಗೆ, ಕೈಯಲ್ಲಿ ಮಾಡಿದ್ದು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ, ಇಂಥ ಒರಟುತನ ಬೇಕು ಅಂದ್ರೂ ಬರಲ್ಲ, ಹೇಗೆ ಸಾಧಿಸಿದ್ರಿ?' ಅಂತ ಕೇಳಿದ. ನಾನು ಏನು ಹೇಳಲಿ? ಬೆಳಕು ಕಮ್ಮಿ ಇತ್ತು ಅಂದೆ. ನಗಾಡಿಬಿಟ್ಟ. ದೊಡ್ಡವರು ಹೀಗೇ ವಿನಯದಿಂದ ಮಾತಾಡ್ತಾರೆ ಅಂದ.

ಒಂದು ಅಕ್ಷರದ ಬಗ್ಗೆ ಮಾತ್ರ ಕ್ಯಾತೆ ತೆಗೆದ. ಇದೊಂದು ಯಾಕೋ ಉಳಿದವುಗಳ ಜೊತೆ ಹೊಂದಲ್ಲ, ಸತ್ತ ಹಾಗಿದೆ ಅಂದ. ಸತ್ತ ಹಾಗೆ! ಎಷ್ಟು ಧೈರ್ಯ ನೋಡು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೇನೂ ಕಾಣಲಿಲ್ಲಪ್ಪ.

ಏನು? ಈ ಮೇಲಿನ ಖಾನೇವು ಅಪ್ಪನ ಕೈಯವೇ ಅಂತ ಹೇಗೆ ನಂಬೋದು ಅಂತೀಯಾ? ಭಲೇ, ಅವನ ಮಗಳೇ ಸರಿ. ಅವನೂ ಹೀಗೇ, ಸೂರ್ಯ ಹುಟ್ಟಿದ ಅಂದ್ರೆ ಕಿಟಕಿ ತೆಗೆದು ನೋಡೋನು. ಇಗೋ, ಹೆಬ್ಬೆರಳು ಕೊಡು. ಪಾದದ ಹಿಮ್ಮಡಿ ಸವರು, ಮೆಲ್ಲಗೆ. ಮೂಲೇಲಿ ಒಂದು ಸಣ್ಣ ಏಣು ಸಿಗುತ್ತಾ? ಕಣ್ಣಿಗೆ ಕಾಣಲ್ಲ, ಬೆರಳಿಗೇ ಸಿಗಬೇಕು. ಸಿಕ್ತಾ! ಉಳಿ ಮರ ಬಿಟ್ಟು ಆಚೆ ಬಂದ ಜಾಗ ಅದು. ಬಲಗೈಯವನ ಉಳಿ ಈ ಮೂಲೇಲಿ ಬಿಡುತ್ತೆ, ಎಡಚನ ಉಳಿ ಆ ಮೂಲೇಲಿ. ಎಷ್ಟು ಉಜ್ಜಿದ್ರೂ ಹೋಗಲ್ಲ. ಈಗ ಇದನ್ನ ಮುಟ್ಟು, ಇದನ್ನ... ಎಲ್ಲ ಆ ಮೂಲೇನೇ ಅಲ್ವಾ? ನಂಬಿಕೆ ಬಂತಾ? ಅಪ್ಪನ ಕೈ ಹಿಡಿದ ಹಾಗಾಯ್ತು ಅಂತ ಕಣ್ಣಲ್ಲಿ ನೀರು ಬೇರೆ... ಅಳಬೇಡ ಮಗು. ನನಗೂ ಅಳು ಬರುತ್ತೆ ಆಮೇಲೆ.

ಒಂದು ಕೆಲಸ ಮಾಡು. ನಿಮ್ಮಪ್ಪ ಕೆತ್ತಿದ್ದರಲ್ಲಿ ಒಂದು ಅಕ್ಷರ ಆರಿಸ್ಕೋ. ನಿಂಗೆ ಇಷ್ಟ ಬಂದದ್ದು. ತಗೊಂಡು ಹೋಗು, ಜೋಪಾನವಾಗಿ ಇಟ್ಕೋ. ಕಂಪನಿಯವನಿಗೆ ನಾನು ಏನೋ ಒಂದು ಹೇಳ್ತೀನಿ. ನಿಧಾನವಾಗಿ ನೋಡು, ಅಷ್ಟರಲ್ಲಿ ನಾನು ಟೀ ಇಡ್ತೀನಿ. ಈ ಸ್ಟೌ ಹತ್ತೋದಕ್ಕೇ ಒಂದು ಯುಗ ಬೇಕು...

ಏನಂದೆ? ಕೇಳಿಸಲಿಲ್ಲ. ಟಕ್ ಟಕ್?

ಯಾವ ಟಕ್ ಟಕ್?

ಓಹೋ... ಅದಾ! ಅದು ನೆನಪಿದ್ಯಾ ನಿಂಗೆ? ಅಯ್ಯೋ ದೇವರೇ, ಚೆನ್ನಾಗಿದೆ! ಅಪ್ಪನ ಮುತ್ತು ನೆನಪಿಲ್ಲ, ಟಕ್ ಟಕ್ ನೆನಪಿದೆ. ಹೌದು, ಹೌದು. ಇಲ್ಲೇ ನೆಲಕ್ಕೆ ಕಿವಿ ಇಟ್ಕೊಂಡು ಮಲಗಿಬಿಡೋಳು ನೀನು. 'ಅಪ್ಪ ಕೆಳಗಿದ್ದಾನೆ, ಟಕ್ ಟಕ್ ಮಾಡ್ತಿದ್ದಾನೆ' ಅಂತ. ಅತ್ತಿಗೆ ಒಂದು ಸಲ ಕಪಾಳಕ್ಕೆ ಹೊಡೆದು, ಆಮೇಲೆ ತಾನೇ ತಬ್ಕೊಂಡು ಅತ್ತಳು. ಹೆಗ್ಗಣ ಮಗು ಅದು. ಕೆಳಗೆ ಹಳೇ ನೆಲಮಾಳಿಗೆ ಇದೆಯಲ್ಲ, ತುಂಬ ಹೆಗ್ಗಣ. ಮರ ಕಡೀತಿದ್ವು. ನಾನೇ ಅತ್ತಿಗೆಗೆ ಹೇಳಿದೆ, ಮಗೂಗೆ ಈ ಮನೆ ಒಗ್ತಿಲ್ಲ, ಏನೇನೋ ಕೇಳಿಸ್ಕೊಳ್ಳುತ್ತೆ, ಕರ್ಕೊಂಡು ನಿಮ್ಮ ತವರಿಗೆ ಹೋಗಿಬಿಡಿ ಅಂತ. ನಿನ್ನ ಒಳ್ಳೇದಕ್ಕೇ ಹೇಳಿದ್ದು. ಬಂಡಿಗೆ ಸಾಮಾನು ಹತ್ತಿಸಿದ್ದೂ ನಾನೇ.

ಹೆಗ್ಗಣದ ಸದ್ದು ಅಡಗಲಿ ಅಂತ ಆವಾಗ ಯಂತ್ರ ಓಡಿಸ್ತಿದ್ದೆ. ಇದು ಓಡ್ತಿದ್ರೆ ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳಲ್ಲ. ಬೀದಿಯವರು ಬೈಯ್ಯೋರು, ಅಚ್ಚು ಹಾಕೋಕೆ ಒಂದು ಚೀಟಿ ಇಲ್ಲದಿದ್ರೂ ಖಾಲಿ ಯಂತ್ರ ಓಡಿಸ್ತಾನೆ, ಹುಚ್ಚು ಹಿಡಿದಿದೆ ಇವನಿಗೆ ಅಂತ. ಊರ ಬಾಯಿ ಮುಚ್ಚೋಕಾಗುತ್ತಾ?

ಏನು ಸದ್ದು ಅದು? ಯಾವ ಖಾನೆ ಎಳೆದೆ ನೀನು?

ಮೇಲಿನದು ಅಂದೆ ನಾನು. ಮೇಲಿನದು ಕಣೇ... ಕೆಳಗಿನದನ್ನ ಮುಚ್ಚು. ಅದು ಕಂಪನಿಯವನಿಗೆ ಅಂತ ಒರೆಸಿ ಇಟ್ಟಿರೋದು. ಕೈ ಹಾಕ್ಬೇಡ, ಬೆವರು ಹತ್ತುತ್ತೆ. ಕೇಳಿಸ್ತಾ? ಸರಿ, ನೋಡು, ನೋಡಿ ಇಟ್ಟುಬಿಡು. ಚಿಕ್ಕಪ್ಪನ ಕೆಲಸಾನೂ ನೋಡಬೇಕು ಅಂತ ಆಸೆ ಇರಲ್ವಾ ಪಾಪ. ಸಕ್ಕರೆ ಜಾಸ್ತಿ ಹಾಕ್ಲಾ, ಕಮ್ಮಿ ಹಾಕ್ಲಾ?

ಎಡಚಿ, ಸಕ್ಕರೆ ಎಷ್ಟು ಅಂತ ಕೇಳಿದೆ.

ಎರಡು ಗುಂಪು ಯಾಕೆ ಮಾಡ್ತಿದ್ದೀಯ? ಮೇಜಿನ ಮೇಲೆಲ್ಲ ಹರಡಿಬಿಟ್ಯಲ್ಲ! ಇದೇನು ಆಟನಾ? ಅಷ್ಟೂ ಒಂದು ಕಡೆ... ಒಂದೇ ಒಂದು ಮಾತ್ರ ಈ ಕಡೆ. ಹೂಂ, ಅದೇ. ಕಂಪನಿಯವನು ಸತ್ತ ಹಾಗಿದೆ ಅಂದಿದ್ದು ಅದನ್ನೇ. ನಿನಗೂ ಹಾಗೇ ಅನಿಸ್ತಾ? ಹೆಬ್ಬೆರಳಲ್ಲಿ ನೋಡಿದ್ಯಾ... ಎಲ್ಲಾನೂ? ಒಂದೊಂದನ್ನೂ?

ತಗೋ, ಟೀ. ಬಿಸಿ ಇದೆ.

ಆ ದೊಡ್ಡ ಗುಂಪಿನಿಂದ ಒಂದನ್ನ ಯಾಕೆ ಕೈಯಲ್ಲಿ ಹಿಡ್ಕೊಂಡಿದ್ದೀಯ? ಅದೇ ಬೇಕಾ? ಅದು ಆಗಲ್ಲ ಮಗು. ನಿಮ್ಮಪ್ಪ ಕೆತ್ತಿದ್ದರಲ್ಲಿ ಆರಿಸ್ಕೋ ಅಂದೆ. ಅದು ಅವನದಲ್ಲ, ನಂದು. ಏನು ತೋರಿಸ್ತೀಯ, ಕಲೆನಾ? ಮಸಿ ಅದು. ಉಗುರಲ್ಲಿ ಕೆರೀಬೇಡ, ಹೋಗಲ್ಲ. ಮಸಿ ಅಲ್ದೇ ಇರಬಹುದು. ಸರಿ, ಕೊಕ್ಕೆ ಕಲೆ. ಉಯ್ಯಾಲೆ ಕೊಕ್ಕೇದು. ನಾನೇ ಹೇಳಿದ್ನಲ್ಲ ಆಗಲೇ, ಅದರಲ್ಲಿ ಏನಿದೆ ಮುಚ್ಚಿಡೋಕೆ?

ಏಣು... ಹೂಂ. ಎಡಚನ ಮೂಲೇಲಿದೆ. ಗೊತ್ತು ನನಗೆ, ಮುಟ್ಟಿ ನೋಡಬೇಕಾಗಿಲ್ಲ. ಬೇಕು ಅಂತಲೇ ಎಡಗೈಯಲ್ಲಿ ಕೆತ್ತಿದೆ. ಅಣ್ಣನ ಅಕ್ಷರದ ಜೊತೆ ಹೊಂದಲಿ ಅಂತ. ಕಷ್ಟಪಟ್ಟು ರೂಢಿ ಮಾಡ್ಕೊಂಡೆ, ಏನಂದ್ಕೊಂಡಿದ್ದೀಯ ಚಿಕ್ಕಪ್ಪನ್ನ? ಏನು... ಉಳಿ ಯಾಕೆ ನನ್ನ ಕಡೆ ತಳ್ತೀಯ? ಎಡಗೈಯಲ್ಲಿ ಕೆತ್ತಿ ತೋರಿಸಬೇಕಾ, ಈಗಲೇನಾ? ಈ ವಯಸ್ಸಲ್ಲಾ? ಕೈ ನಡುಗುತ್ತೆ ಕಣೇ, ಲೋಟ ಹಿಡಿಯೋಕಾಗಲ್ಲ ನೋಡು, ಚೆಲ್ತು. ಬಲಗೈಯೇ ಹೀಗಿದೆ, ಎಡಗೈ ಕಥೆ ಕೇಳ್ತೀಯಾ...

ಯಾಕೆ ಹಾಗೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನು ನಾನಲ್ಲ. ನೀನು ಏನೂ ಅಂದೂ ಇಲ್ಲ. ಅನ್ನು, ಏನಾದ್ರೂ ಅನ್ನು. ಆಗಿನಿಂದ ಒಂದು ಮಾತಿಲ್ಲ.

ಮರ ನಿಂತಿದ್ದಾಗಲೇ ಒಂದು ಕೊಂಬೆ ಕಡಿದಿದ್ವಿ. ಹಾಂ! ಈಗ ನೆನಪಾಯ್ತು. ಅದರಲ್ಲಿ ನಿಮ್ಮಪ್ಪ ಹೋಗೋ ಮೊದಲೇ... ಇಲ್ಲ. ಕೊಕ್ಕೆ ಇದ್ದದ್ದು ಆ ಕೊಂಬೇಲೇ ಅಲ್ವಾ. ನೀನು ಅದರಲ್ಲೇ ಆಡ್ತಿದ್ದೆ, ಬಿರುಗಾಳಿ ಬರೋ ತನಕ. ಹೌದು. ಅದು ಹೌದು.

ಸರಿ. ಸರಿ ಮಗು. ಹೇಳಿಬಿಡ್ತೀನಿ. ಅವನು ವಾಪಸ್ ಬಂದಿದ್ದ. ನೀವು ಹೋದ ಮೇಲೆ, ಎಷ್ಟೋ ವರ್ಷದ ಮೇಲೆ. ಪಟ್ಟಣದಲ್ಲಿ ಕೆಲಸ ಕೈಗೆ ಹತ್ತಲಿಲ್ಲ, ನಾಚಿಕೆ ಅವನಿಗೆ. ಹೆಂಡತಿ ಮಗೂಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ. ಸ್ವಲ್ಪ ದಿನ ಇದ್ದು ಇವನ್ನೆಲ್ಲ ಮಾಡಿಕೊಟ್ಟು ಹೋದ. ಸ್ವಲ್ಪ ದಿನ ಅಂದ್ರೆ... ಒಂದು ಖಾನೆ ಸ್ವಲ್ಪ ದಿನದಲ್ಲಿ ಆಗಲ್ಲ, ಗೊತ್ತು. ವರ್ಷಗಳೇ ಬೇಕು. ಇದ್ದ. ಇಲ್ಲೇ ಇದ್ದ. ಬೀದಿಯವರು ಯಾರೂ ನೋಡಲಿಲ್ಲ ಅಂದ್ರೆ, ಅವನು ಹೊರಗೆ ಬರ್ತಿರಲಿಲ್ಲ. ಕೆಳಗೇ ಇರ್ತಿದ್ದ. ಕೆಳಗೆ ತಂಪು, ಮರಕ್ಕೆ ಒಳ್ಳೇದು. ದೀಪ ಕೊಟ್ಟಿದ್ದೆ. ಎಣ್ಣೆ ಯಾವತ್ತೂ ಕಮ್ಮಿ ಮಾಡಲಿಲ್ಲ ನಾನು, ನನ್ನ ಊಟ ಬಿಟ್ಟಾದ್ರೂ ಅವನ ದೀಪಕ್ಕೆ ಎಣ್ಣೆ ತಂದಿದ್ದೀನಿ. ನೀನು ನಂಬ್ತೀಯೋ ಇಲ್ವೋ.

ಆ ಕಡೆ ಯಾಕೆ ನೋಡ್ತೀಯ? ಕಾಗದ ಅದು, ಬರೀ ಕಾಗದದ ರಾಶಿ. ಅದರ ಕೆಳಗೆ ಏನೂ ಇಲ್ಲ. ಈಗ ಏನೂ ಇಲ್ಲ.

ನೋಡು, ಅವನನ್ನ ನಾನು ಎಷ್ಟು ಪ್ರೀತಿಸ್ತಿದ್ದೆ ಅಂತ ನಿನಗೆ ಗೊತ್ತಿಲ್ಲ. ಹೊಟ್ಟೆಕಿಚ್ಚೂ ಇತ್ತು, ಇಲ್ಲ ಅನ್ನಲ್ಲ. ಒಂದೇ ಬೆಂಚಿನ ಮೇಲೆ ಕೂತು ಕಲಿತ್ವಿ, ಒಂದೇ ಉಳಿ, ಒಂದೇ ಮರ. ನಾನು ಕೆತ್ತಿದ್ರೆ ಅಳತೆಗೆ ಸರಿ ಇರ್ತಿತ್ತು, ಅಷ್ಟೇ. ಅವನು ಕೆತ್ತಿದ್ರೆ ನಿಂತ್ಕೊಳ್ತಿತ್ತು! ಈ ಅಂಗಡಿ ಅಂದ್ರೆ ದಪ್ಪಗಾಲು, ದಪ್ಪಗಾಲು ಅಂದ್ರೆ ಅವನ ಎಡಗೈ. ಅದನ್ನ ತಗೊಂಡು ಹೋಗಿ ಪಟ್ಟಣದವರಿಗೆ ಕೊಟ್ಟುಬಿಟ್ರೆ ನಾನು ಇಲ್ಲಿ ಏನು ಮಾಡಲಿ? ಅರ್ಧ ಸೆಟ್ ಇಟ್ಕೊಂಡು ಏನು ಅಚ್ಚು ಹಾಕಲಿ? 'ಪೂರ್ತಿ ಮಾಡಿ ಹೋಗು' ಅಂದೆ. ಅಷ್ಟೇ ನಾನು ಕೇಳಿದ್ದು. ಚೀಲ ಹೆಗಲಿಗೆ ಹಾಕ್ಕೊಂಡು ಕೆಳಗೆ ತನ್ನ ಉಳಿ ತರೋಕೆ ಇಳಿದ. ನಾನು ಮೇಲೆ ನಿಂತಿದ್ದೆ... ನೆಲಮಾಳಿಗೆ ಬಾಯಿ ಮುಚ್ಚೋ ಹಲಗೆ ನನ್ನ ಕೈಯಲ್ಲಿತ್ತು. ಪೂರ್ತಿ ಮಾಡಿ ಹೋಗು ಅಣ್ಣ ಅಂದೆ. ಎರಡು ದಿನಕ್ಕೆ ಕೋಪ ಇಳಿಯುತ್ತೆ ಅಂದ್ಕೊಂಡೆ. ಅವನದ್ದೂ, ನಂದೂ. ಮೂರನೇ ದಿನ ಹಲಗೆ ತೆಗೆಯೋಕೆ ಹೋದೆ. ತೆಗೆದ್ರೆ ಅವನು ಅತ್ತಿಗೆ ಮುಂದೆ ಏನು ಹೇಳ್ತಾನೆ ಅಂತ ಯೋಚನೆ ಬಂತು. ಆಮೇಲೆ... ಆಮೇಲೆ ಹೇಗೆ ತೆಗೆಯೋದು? ನೀನೇ ಹೇಳು, ಹೇಗೆ ತೆಗೆಯೋದು?

ಅಕ್ಷರ ಮುಗಿದ್ರೆ ಅಂಕಿ ಬೇಕಾಗುತ್ತೆ, ಅಂಕಿ ಮುಗಿದ್ರೆ ಚಿಕ್ಕ ಅಳತೇದು ಬೇಕಾಗುತ್ತೆ. ಸೆಟ್ ಅನ್ನೋದು ಎಲ್ಲಿ ಪೂರ್ತಿ ಆಗುತ್ತೆ ಮಗು.

ಏಳು. ಏನು ಮಾಡ್ತಿದ್ದೀಯ? ನೆಲಕ್ಕೆ ಕಿವಿ ಇಡೋ ವಯಸ್ಸಾ ಇದು? ಬಟ್ಟೆ ಎಲ್ಲ ಮಸಿ ಆಗುತ್ತೆ, ಏಳೇ! ಏನೂ ಕೇಳಲ್ಲ ಅಲ್ಲಿ. ಆ ಅಕ್ಷರದಲ್ಲಿ ಹಲಗೆ ತಟ್ಟಬೇಡ... ಹಾಗೆ ತಟ್ಟಬೇಡ, ನಿನ್ನ ದಮ್ಮಯ್ಯ. ಅದೇ ಸದ್ದು. ಯಂತ್ರ ಹಾಕಿಬಿಡ್ತೀನಿ ನೋಡು. ಹಾಕಿಬಿಡ್ತೀನಿ!

ಶ್... ಬಾಗಿಲು. ಕಂಪನಿಯವನು. ಇಷ್ಟು ಬೇಗ ಬಂದ್ಬಿಟ್ಟ. ಏಳು, ಬೇಗ, ಅವನ್ನ ಖಾನೆಗೆ ತುಂಬು. ಕೈಯಲ್ಲಿರೋದನ್ನ ಅದರ ಜಾಗದಲ್ಲಿ ಇಟ್ಟುಬಿಡು, ನಾನು ಚಿಲಕ ತೆಗೀತೀನಿ. ಮೊದಲು ಇಡು. ನೀನು ಇಡೋ ತನಕ ಬಾಗಿಲು ತೆಗೆಯಲ್ಲ ನಾನು. ಬಡೀಲಿ ಬಿಡು, ಬಡಿದು ಬಡಿದು ಹೋಗ್ತಾನೆ, ಬೇಕಾದಷ್ಟು ಜನ ಹಾಗೇ ಹೋಗಿದ್ದಾರೆ. ಆಮೇಲೆ ಈ ಅಂಗಡೀಲಿ ನಾನು, ನೀನು ಇಬ್ಬರೇ. ಹಟ ಮಾಡಬೇಡ.

ಬೈಯಿ ನನ್ನ. ಕೂಗು! ಕೂಗಿದ್ರೆ ಅವನಿಗೆ ಕೇಳಿಸುತ್ತೆ, ಗೊತ್ತಿದ್ದೂ ಕೂಗ್ತಿಲ್ಲ ನೀನು. ಅಲ್ಲೇ ಹಲಗೆ ಮೇಲೆ ಕೈ ಇಟ್ಕೊಂಡು ನನ್ನನ್ನೇ ನೋಡ್ತೀಯ. ಅವನೂ ಹೀಗೇ. ಮೊದಲು ಕೂಗಾಡಿದ, ನಿನ್ನ ಹೆಸರು ಹಿಡಿದು ಕರೆದ. ಆಮೇಲೆ ಬೇಡ್ಕೊಂಡ. ಕಡೆಕಡೆಗೆ ಒಂದು ಮಾತೂ ಆಡ್ತಿರಲಿಲ್ಲ. ಹಲಗೇಲಿ ತೂತು ಕೊರೆದು ಬುಟ್ಟೀಲಿ ಊಟ ಇಳಿಸ್ತಿದ್ದೆ, ಬುಟ್ಟಿ ಎಳೆದ್ರೆ ಖಾಲಿ ತಟ್ಟೆ ಪಕ್ಕದಲ್ಲಿ ಒಂದು ಅಕ್ಷರ. ಮಾತಿಲ್ಲ. 'ಅಣ್ಣಾ, ಏನಾದ್ರೂ ಅನ್ನೋ' ಅಂತ ಎಷ್ಟು ಸಲ ಆ ತೂತಿಗೆ ಬಾಯಿಟ್ಟು ಕೇಳಿದ್ದೀನಿ. ಉಳಿ ಸದ್ದು ಒಂದೇ.

ನೀನು ಬೇರೆ ಇಟ್ಟಿದ್ದೀಯಲ್ಲ, ಸತ್ತ ಹಾಗಿರೋದು... ಅದೊಂದು ಬಾಕಿ ಇತ್ತು. ಅವತ್ತು ಬುಟ್ಟಿ ಎಳೆದೆ, ಭಾರ ಇತ್ತು. ಅಕ್ಷರ ಬಂತು ಅಂದ್ಕೊಂಡೆ. ಹಾಕಿದ ಊಟ ಹಾಕಿದ ಹಾಗೇ ಇತ್ತು. ಅದಕ್ಕೇ ಅದನ್ನ ನಾನೇ ಮಾಡಬೇಕಾಯ್ತು.

ಮಾತಾಡು ಮಗು. ಅವನ ಹಾಗೆ ಸುಮ್ಮನಿರಬೇಡ.